ಮಕ್ಕಳು ಬರುವ ಮುನ್ನ



ನಮ್ಮ ಮಠದ ಬೇಸಿಗೆ ಶಿಬಿರಕ್ಕೆ ಬರುವ ಮಕ್ಕಳು ಮೊದಲ ದಿನವೇ ಕಲಿಯುವುದು ಬಸವಣ್ಣನವರ ಸಪ್ತಸೂತ್ರದ ವಚನವನ್ನು. ಏಳು ‘ಬೇಡ’ಗಳ ಆ ವಚನ ಅರ್ಧ ಗಂಟೆಯಲ್ಲಿ ಅವರಿಗೆ ಕಂಠಪಾಠವಾಗುತ್ತದೆ. ಸಂಜೆಯ ಪ್ರಾರ್ಥನೆಯ ಹೊತ್ತಿಗೆ ತಾಳ ಹಾಕಿಕೊಂಡು ಹಾಡುತ್ತಿರುತ್ತಾರೆ. ಕೆಲವು ವರ್ಷಗಳಿಂದ ಈ ವಚನವನ್ನು ಹೇಳಿಕೊಡುವ ಕಾಯಕ ನನ್ನ ಪಾಲಿಗೆ ಬಂದಿದೆ. ಈ ವರ್ಷ ಫೆಬ್ರುವರಿಯಲ್ಲಿ ಪೂಜ್ಯರು ಇನ್ನೊಂದು ಕೆಲಸವನ್ನು ವಹಿಸಿದರು. ಶಿಬಿರದಲ್ಲಿ ಮಕ್ಕಳೊಡನೆ ಇರುವ ಹಿರಿಯರು ಹೇಗೆ ನಡೆದುಕೊಳ್ಳಬೇಕು, ಹೇಗೆ ನಡೆದುಕೊಳ್ಳಬಾರದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು ಕೊಡಬೇಕು. ಅದನ್ನು ಓದಿ, ಒಪ್ಪಿ, ಸಹಿ ಮಾಡಿದವರು ಮಾತ್ರ ಶಿಬಿರದ ಕಾರ್ಯಕರ್ತರಾಗಬೇಕು ಎಂಬುದು ಅವರ ಅಪ್ಪಣೆ.

ಕನ್ನಡ ಎಂ.ಎ. ಓದಿದವನಿಗೆ ವಚನಗಳ ಪಾಠಾಂತರ ಗೊತ್ತಿರುತ್ತದೆಯೇ ಹೊರತು ಇಂಥ ನಿಯಮಾವಳಿಯ ಬರವಣಿಗೆ ಗೊತ್ತಿರುವುದಿಲ್ಲ. ಆದರೆ ಬರೆಯಲು ಕುಳಿತಾಗ ದಾರಿ ತೋರಿದ್ದು ಅದೇ ಸಪ್ತಸೂತ್ರ.

ಆ ವಚನದ ಕಟ್ಟೋಣವನ್ನು ಸ್ವಲ್ಪ ಗಮನಿಸಬೇಕು. ಸಜ್ಜನರಾಗಿ ಎಂದು ಒಂದು ಮಾತು ಹೇಳಿ ಬಸವಣ್ಣನವರು ಸುಮ್ಮನಾಗಲಿಲ್ಲ. ಸಜ್ಜನಿಕೆಯನ್ನು ಏಳು ನಿರ್ದಿಷ್ಟ ನಡೆಗಳಾಗಿ ಬಿಡಿಸಿ ಇಟ್ಟರು. ಒಂದೊಂದೂ ನಾಲ್ಕು ಜನರ ಕಣ್ಣಿಗೆ ಕಾಣುವ ಅಥವಾ ಕಿವಿಗೆ ಕೇಳುವ ಸಂಗತಿ. ಮಾಡಿದರೆ ಮಾಡಿದನೆನ್ನಬಹುದು, ಬಿಟ್ಟರೆ ಬಿಟ್ಟನೆನ್ನಬಹುದು; ನಡುವೆ ವ್ಯಾಖ್ಯಾನಕ್ಕೆ ಎಡೆ ಕಡಿಮೆ. ಒಳಗಿನ ಶುದ್ಧಿಯನ್ನೂ ಹೊರಗಿನ ಶುದ್ಧಿಯನ್ನೂ ಅವರು ಈ ನಡೆಗಳ ಮೇಲೆಯೇ ನಿಲ್ಲಿಸಿದ್ದಾರೆ. ಕಳವು, ಕೊಲೆ, ಸುಳ್ಳು ಇವನ್ನು ಬಹುತೇಕ ಧರ್ಮಗಳು ನಿಷೇಧಿಸಿವೆ. ಉಳಿದ ನಾಲ್ಕು, ಅಂದರೆ ಸಿಟ್ಟು, ಎದುರಿಗಿದ್ದವರನ್ನು ಕಂಡು ಹೇಸುವುದು, ತನ್ನನ್ನು ಹೊಗಳಿಕೊಳ್ಳುವುದು, ಇನ್ನೊಬ್ಬರನ್ನು ಹೀನಾಯವಾಗಿ ಕಾಣುವುದು, ದಿನವಿಡೀ ಜನರ ನಡುವೆ ಬದುಕುವವರನ್ನು ಕುರಿತು ಹೇಳಿದವು. ಮಕ್ಕಳ ಶಿಬಿರದಲ್ಲಿ ಹಿರಿಯರ ನಿತ್ಯದ ತಪ್ಪುಗಳೆಲ್ಲ ಬಹುಮಟ್ಟಿಗೆ ಈ ನಾಲ್ಕರೊಳಗೇ ಬರುತ್ತವೆ.

ಈ ಮೊದಲು ಕಾರ್ಯಕರ್ತರಿಗೆ ಹೋಗುತ್ತಿದ್ದ ಪತ್ರದಲ್ಲಿ ಒಂದೇ ಒಂದು ಸಾಲು ಇರುತ್ತಿತ್ತು: ಶ್ರೀಮಠದ ಘನತೆಗೆ ತಕ್ಕಂತೆ ನಡೆದುಕೊಳ್ಳತಕ್ಕದ್ದು. ಅದನ್ನು ಓದಿದ ಬಿ.ಇಡಿ. ವಿದ್ಯಾರ್ಥಿ ಬಿಳಿಯ ಅಂಗಿ ತೊಡಬೇಕೆಂದು ತಿಳಿದ. ದೈಹಿಕ ಶಿಕ್ಷಕರು ಮಕ್ಕಳು ಗದ್ದಲ ಮಾಡದಂತೆ ಬಿಗಿಯಾಗಿ ಇಟ್ಟುಕೊಳ್ಳಬೇಕೆಂದು ತಿಳಿದರು. ಬಸ್ಸಿನ ಚಾಲಕರಿಗೆ ಅದು ತಮ್ಮನ್ನು ಕುರಿತ ಮಾತೇ ಅಲ್ಲ ಎನಿಸಿತು. ಮೂವರೂ ಒಳ್ಳೆಯವರು, ಮೂವರೂ ಆ ಸಾಲನ್ನು ಪಾಲಿಸಿದವರು.

ನಮ್ಮ ಶಿಬಿರದ ಸ್ವರೂಪವನ್ನು ಹೊಸಬರಿಗಾಗಿ ಹೇಳುವುದಾದರೆ, ಏಪ್ರಿಲ್ ತಿಂಗಳಲ್ಲಿ ಶಾಲೆಗಳಿಗೆ ರಜೆ ಬಿದ್ದ ಮೇಲೆ ಹತ್ತು ದಿನ ನಡೆಯುತ್ತದೆ. ಎಂಟರಿಂದ ಹದಿನಾಲ್ಕು ವಯಸ್ಸಿನ ಸುಮಾರು 120 ಮಕ್ಕಳು ಇಲ್ಲಿಯೇ ಉಳಿಯುತ್ತಾರೆ. ವಚನ ಗಾಯನ, ಮಲ್ಲಕಂಬ, ರಂಗಗೀತೆ, ಮಣ್ಣಿನ ಗೊಂಬೆ, ಕೊನೆಯ ದಿನ ಮಕ್ಕಳ ಸಂತೆ. ಮನೆ ಬಿಟ್ಟು ಹತ್ತು ರಾತ್ರಿ ಹೊರಗೆ ಮಲಗುವುದು ಬಹಳಷ್ಟು ಮಕ್ಕಳಿಗೆ ಅದೇ ಮೊದಲು. ಅವರ ಸುತ್ತ ಇರುವ ಹಿರಿಯರು ಮೂವತ್ತಕ್ಕೂ ಹೆಚ್ಚು: ಶಿಕ್ಷಕರು, ಕಾಲೇಜು ವಿದ್ಯಾರ್ಥಿಗಳು, ದಾಸೋಹದ ಮನೆಯ ಅಕ್ಕಂದಿರು, ಕಾವಲುಗಾರರು, ಒಂದು ದಿನದ ಮಟ್ಟಿಗೆ ಬಂದು ಹೋಗುವ ಕಲಾವಿದರು. ಕರ್ನಾಟಕದ ಮಠಗಳಿಗೆ ಊರ ಮಕ್ಕಳನ್ನು ಇಟ್ಟುಕೊಂಡು ಅನ್ನ ಅಕ್ಷರ ಕೊಟ್ಟ ದೀರ್ಘ ಪರಂಪರೆಯಿದೆ. ಸಿದ್ಧಗಂಗೆಯ ಶ್ರೀ ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾದಾಗ ನಾಡು ಮೊದಲು ನೆನೆದದ್ದು ಅವರ ಪ್ರಸಾದ ನಿಲಯದ ಮಕ್ಕಳನ್ನೇ. ಆ ಪರಂಪರೆಯ ಹೆಸರಿನ ಮೇಲೆ ವಿಶ್ವಾಸವಿಟ್ಟು ತಾಯಿತಂದೆಯರು ಇಂದಿಗೂ ನಮ್ಮಂಥ ಕಡೆ ಮಕ್ಕಳನ್ನು ಬಿಟ್ಟು ಹೋಗುತ್ತಾರೆ. ಒಳಗೆ ಯಾರಿದ್ದಾರೆಂದು ಕೇಳುವುದೇ ಇಲ್ಲ.

ಮಾರ್ಚ್ ಮೊದಲ ವಾರ ಕಾರ್ಯಕರ್ತರ ಸಭೆ ಕರೆದು ಕರಡನ್ನು ಓದಿದೆ. ಓದಿ ಮುಗಿಸುವ ಮೊದಲೇ ಒಬ್ಬ ಹಿರಿಯ ನಿವೃತ್ತ ಶಿಕ್ಷಕರು ಎದ್ದು ನಿಂತರು. ಮಠದ ಎಲ್ಲ ಕಾರ್ಯಕ್ಕೂ ಮುಂದಾಗಿ ನಿಲ್ಲುವವರು, ಮಕ್ಕಳಿಗೂ ಅವರೆಂದರೆ ಪ್ರಾಣ. “ಏನ್ರೀ, ಮೂವತ್ತ ವರ್ಷ ಆತು ನಾ ಈ ಮಠದ ಸೇವಾ ಮಾಡಾಕತ್ತು. ಈಗ ನನ್ನ ಕಡಿಂದ ಮುಚ್ಚಳಿಕೆ ಬರಸ್ಕೋತೀರೇನು? ಮುಚ್ಚಳಿಕೆ ಬರಸೂದು ಪೊಲೀಸ್ ಠಾಣೆದಾಗ” ಎಂದರು. ಸಭೆಯಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಲೆಯಾಡಿಸಿದರು.

ಅವರ ನೋವು ಸುಳ್ಳಲ್ಲ. ಸಂಬಳ ಬೇಡದೆ ದುಡಿಯುವವನಿಗೆ ಷರತ್ತು ಹಾಕುವುದು ನಮ್ಮ ಲೋಕರೂಢಿಯಲ್ಲಿ ಅಗೌರವವೇ. ಆದರೂ ನನಗೆ ಆ ಕ್ಷಣ ನೆನಪಾದದ್ದು ಶೂನ್ಯಸಂಪಾದನೆ. ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭುಗಳು ಆಕೆಯನ್ನು ತುಂಬಿದ ಸಭೆಯಲ್ಲಿ ಪ್ರಶ್ನಿಸುತ್ತಾರೆ. ಭಕ್ತಿಯಲ್ಲಿ ಆಕೆಗೆ ಸಮನಾದವರು ವಿರಳ. ಆದರೂ ಪ್ರಶ್ನೆ ತಪ್ಪಲಿಲ್ಲ. ಅಕ್ಕ ಪ್ರತಿಯೊಂದಕ್ಕೂ ಉತ್ತರ ಕೊಟ್ಟಳು, ಅಪಮಾನವಾಯಿತೆಂದು ಹೊರಟು ಹೋಗಲಿಲ್ಲ. ಶರಣರ ಸಭೆಯಲ್ಲಿ ಪ್ರಶ್ನೆ ಎದುರಿಸುವುದು ಸಂದೇಹದ ಗುರುತಾಗಿರಲಿಲ್ಲ, ಒಳಗೆ ಬರುವವರು ದಾಟಬೇಕಾದ ಹೊಸ್ತಿಲಾಗಿತ್ತು. (ಅಲ್ಲಿ ಪ್ರಶ್ನೆಗೆ ಒಳಗಾದವಳು ಒಂಟಿಯಾಗಿ ಬಂದ ಹೆಣ್ಣುಮಗಳು, ಪ್ರಶ್ನಿಸಿದವರು ಸಭೆಯ ಹಿರಿಯರು. ನಮ್ಮ ಶಿಬಿರದಲ್ಲಿ ಇದು ತಿರುಗಾಗಬೇಕು. ಪ್ರಶ್ನೆ ಬಲ್ಲಿದರಿಗೆ ಬರಬೇಕು.) ಇದನ್ನು ಹೇಳಿದಾಗ ಆ ಹಿರಿಯರು ಮರುಮಾತಾಡದೆ ಕುಳಿತರು. ಒಪ್ಪಿದರೆಂದು ಮಾತ್ರ ಅನ್ನಿಸಲಿಲ್ಲ.

ಕಾನೂನಿನ ಮಾತನ್ನೂ ಹೇಳಲೇಬೇಕು. ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸುವ ಪೋಕ್ಸೊ ಕಾಯ್ದೆ 2012ರಲ್ಲಿ ಬಂದಿತು. ಹದಿನೆಂಟು ತುಂಬದವರೆಲ್ಲ ಅದರ ಕಣ್ಣಿನಲ್ಲಿ ಮಕ್ಕಳೇ. ಶಿಕ್ಷಣ ಸಂಸ್ಥೆ ಅಥವಾ ಧಾರ್ಮಿಕ ಸಂಸ್ಥೆಯ ಸಿಬ್ಬಂದಿಯೇ ಆ ಸಂಸ್ಥೆಯೊಳಗೆ ಮಗುವಿನ ಮೇಲೆ ದೌರ್ಜನ್ಯ ಎಸಗಿದರೆ ಕಾಯ್ದೆ ಅದನ್ನು ಇನ್ನೂ ಗುರುತರವಾದ ಅಪರಾಧವೆಂದು ಎಣಿಸುತ್ತದೆ. ‘ಧಾರ್ಮಿಕ ಸಂಸ್ಥೆ’ ಎಂಬ ಪದ ಅಲ್ಲಿ ಹೆಸರುಗೊಂಡೇ ಬಂದಿದೆ. ಮಠದ ಹೆಸರು ರಿಯಾಯಿತಿ ತರುತ್ತದೆಂದು ಯಾರಾದರೂ ತಿಳಿದಿದ್ದರೆ ನಿಜ ಅದಕ್ಕೆ ವಿರುದ್ಧ. 2020ರ ನಿಯಮಗಳ ಪ್ರಕಾರ ಮಕ್ಕಳು ಉಳಿಯುವ ಅಥವಾ ಮಕ್ಕಳೊಡನೆ ನಿಯತವಾಗಿ ಒಡನಾಡುವ ಪ್ರತಿಯೊಂದು ಸಂಸ್ಥೆಯೂ ತನ್ನ ಎಲ್ಲ ಸಿಬ್ಬಂದಿಯ ಪೂರ್ವಾಪರವನ್ನು ಪೊಲೀಸರ ಮೂಲಕ ಪರಿಶೀಲಿಸಬೇಕು, ಮಕ್ಕಳ ರಕ್ಷಣೆಯ ಬಗೆಗೆ ಅವರಿಗೆ ಆಗಾಗ ತರಬೇತಿ ಕೊಡಬೇಕು. ಕಾಯಂ ನೌಕರರು, ಗುತ್ತಿಗೆಯವರು ಎಂಬ ಭೇದ ಅಲ್ಲಿಲ್ಲ. ಪೂಜ್ಯರು ಇದನ್ನು ಸ್ವಯಂಸೇವಕರಿಗೂ ಅನ್ವಯಿಸಿದರು. ಇನ್ನು ಹೊಡೆತ ಬಡಿತದ ವಿಷಯ: ಮಗುವಿನ ಹೊಣೆ ಹೊತ್ತವರು ಅದಕ್ಕೆ ಹಿಂಸೆ ಕೊಟ್ಟರೆ 2015ರ ಬಾಲನ್ಯಾಯ ಕಾಯ್ದೆಯಡಿ ಶಿಕ್ಷೆಯಿದೆ. ಇದು ಶಾಲೆ ಅಲ್ಲ, ಶಿಬಿರ ಎಂಬ ವಾದ ನಡೆಯುವುದಿಲ್ಲ.

ಹಾಳೆಯ ಮೊದಲ ನಿಯಮ ಶಿಕ್ಷೆಯನ್ನು ಕುರಿತದ್ದು. ಕೈ ಎತ್ತಬಾರದು, ಕಿವಿ ಹಿಂಡಬಾರದು, ಬಸ್ಕಿ ಹೊಡೆಸಬಾರದು, ಬಿಸಿಲಿನಲ್ಲಿ ನಿಲ್ಲಿಸಬಾರದು ಎಂದು ಬರೆದೆ. ಆಗ ದಾಸೋಹದ ಮನೆಯ ಅಕ್ಕ ಒಬ್ಬರು ಕೇಳಿದರು, “ಊಟಾ ನಿಲ್ಲಸೂದು ಬರದೀರೇನ್ರಿ?” ನಾನು ಬರೆದಿರಲಿಲ್ಲ, ಹಾಗೂ ಮಾಡುತ್ತಾರೆಯೇ ಎಂದು ಕೇಳಿದೆ. ಪ್ರಾರ್ಥನೆಗೆ ತಡವಾಗಿ ಬಂದವರಿಗೆ ಬೆಳಗಿನ ಉಪ್ಪಿಟ್ಟು ಇಲ್ಲ, ಗಲಾಟೆ ಮಾಡಿದ ಸಾಲಿಗೆ ಸಜ್ಜಕ ಇಲ್ಲ ಎಂದು ಹುಡುಗ ಕಾರ್ಯಕರ್ತರು ಹೇಳಿ ಹೋಗುವುದುಂಟಂತೆ. ಆಮೇಲೆ ಅಕ್ಕಂದಿರೇ ಹಿತ್ತಲ ಬಾಗಿಲಿನಿಂದ ಆ ಮಕ್ಕಳನ್ನು ಕರೆದು ಉಣಿಸುತ್ತಾರೆ. ದಾಸೋಹವೆಂದರೆ ಯೋಗ್ಯತೆ ನೋಡಿ ಬಡಿಸುವ ಬಹುಮಾನವಲ್ಲ. ಉಣ್ಣುವವನ ಋಣವನ್ನು ಉಣಿಸುವವನು ಹೊರುವುದು. ಅನ್ನವನ್ನು ಬೆತ್ತದಂತೆ ಹಿಡಿದರೆ ಅಲ್ಲಿ ಪ್ರಸಾದವೆಂಬ ಪದಕ್ಕೆ ಅರ್ಥ ಉಳಿಯುವುದಿಲ್ಲ. ಆ ನಿಯಮ ಈಗ ಪಟ್ಟಿಯ ತಲೆಯಲ್ಲಿದೆ, ಅದನ್ನು ಬರೆಸಿದವರು ಅಡುಗೆಮನೆಯವರು. ಆಯ್ದಕ್ಕಿ ಲಕ್ಕಮ್ಮನ ಪ್ರಸಂಗ ನಮಗೆಲ್ಲ ಗೊತ್ತಿದ್ದದ್ದೇ. ಮಾರಯ್ಯ ಹೆಚ್ಚಿನ ಅಕ್ಕಿ ಆಯ್ದು ತಂದಾಗ ಇಷ್ಟೇಕೆ, ಎಲ್ಲಿಂದ ತಂದೆಯೋ ಅಲ್ಲಿಯೇ ಸುರಿದು ಬಾ ಎಂದು ಗೆರೆ ಎಳೆದವಳು ಆಕೆ. ಮಹಾಮನೆಯ ಅಕ್ಕಿ ಎಷ್ಟು ಬೇಕೆಂಬುದು ಅಡುಗೆ ಮಾಡುವವಳಿಗೇ ಹೆಚ್ಚು ಗೊತ್ತು.

ಎರಡನೆಯದು ಹೇಸಿಕೆ. ಇದನ್ನು ಓದಿ ಕೆಲವರು ಮುಸುಮುಸು ನಕ್ಕರು, ಆದರೆ ಪೂರ್ತಿ ಗಂಭೀರವಾಗಿಯೇ ಬರೆದದ್ದು. ಎಂಟು ಒಂಬತ್ತು ವರ್ಷದ ಮಕ್ಕಳಲ್ಲಿ ಕೆಲವರು ಹೊಸ ಜಾಗದಲ್ಲಿ ರಾತ್ರಿ ಹಾಸಿಗೆ ಒದ್ದೆ ಮಾಡಿಕೊಳ್ಳುತ್ತಾರೆ. ಬೆಳಿಗ್ಗೆ ಆ ಚಾಪೆ ಚಾದರವನ್ನು ಯಾರು, ಹೇಗೆ ಎತ್ತುತ್ತಾರೆಂಬುದರ ಮೇಲೆ ಆ ಮಗುವಿನ ಉಳಿದ ಒಂಬತ್ತು ದಿನ ನಿಂತಿರುತ್ತದೆ. ಮೂಗು ಮುಚ್ಚಿಕೊಂಡು ಎತ್ತಿದರೂ, ಯಾರದು ಇದು ಎಂದು ಕೂಗಿ ಕೇಳಿದರೂ ಆ ಮಗು ಮತ್ತೆ ಶಿಬಿರದ ಕಡೆಗೆ ಮುಖ ಹಾಕುವುದಿಲ್ಲ. ಸಪ್ತಸೂತ್ರವನ್ನು ಅದು ಎಷ್ಟು ಚೆನ್ನಾಗಿ ಹಾಡಿದರೂ ಅಷ್ಟೇ. ಆದುದರಿಂದ ಹಾಳೆಯಲ್ಲಿ ಹೀಗೆ ಸೇರಿಸಿದೆವು: ಬೆಳಿಗ್ಗೆ ಉಳಿದ ಮಕ್ಕಳು ಸ್ನಾನಕ್ಕೆ ಹೋದ ಮೇಲೆ ಎಲ್ಲ ಹಾಸಿಗೆಗಳನ್ನೂ ಕಾರ್ಯಕರ್ತರೇ ಎತ್ತಿ ಬಿಸಿಲಿಗೆ ಹಾಕಬೇಕು. ಎಲ್ಲವನ್ನೂ ಹಾಕಿದರೆ ಒಂದು ಎದ್ದು ಕಾಣುವುದಿಲ್ಲ. ವಾಂತಿ, ತಲೆಯ ಹೇನು, ಹರಿದ ಒಳ ಉಡುಪು ಇವಕ್ಕೂ ಇದೇ ವಿಧಾನ. ದೊಡ್ಡ ಹುಡುಗಿಯರ ತಿಂಗಳ ಅಗತ್ಯಗಳಿಗೆ ಅಕ್ಕಂದಿರ ಬಳಿ ಒಂದು ಪೆಟ್ಟಿಗೆ ಇರುತ್ತದೆ. ಕೇಳಿ ಪಡೆಯಬೇಕಾಗಿಲ್ಲ, ತೆಗೆದುಕೊಂಡರೆ ಆಯಿತು.

ಮಾತಿನ ವಿಷಯಕ್ಕೆ ಬಂದಾಗ ಬಸವಣ್ಣನವರ ಇನ್ನೊಂದು ವಚನದ ನೆನಪು ಸಹಜ. ಸ್ವರ್ಗ ನರಕಗಳನ್ನು ಅವರು ಎರಡು ಸಂಬೋಧನೆಗಳ ಅಂತರದಲ್ಲಿ ತೋರಿಸಿಬಿಟ್ಟಿದ್ದಾರೆ. ಕುಳ್ಳ, ಕರಿಯ, ಡುಮ್ಮಿ, ತೊದಲ ಎಂಬ ಅಡ್ಡಹೆಸರುಗಳನ್ನು ಮಕ್ಕಳು ಮಕ್ಕಳಲ್ಲಿ ಆಡಿಕೊಳ್ಳುತ್ತಾರೆ. ಹಿರಿಯರೊಬ್ಬರು ಒಮ್ಮೆ ಬಳಸಿದರೆ ಅದಕ್ಕೆ ಮುದ್ರೆ ಬಿದ್ದಂತೆ. ಮಗುವನ್ನು ಹೆಸರು ಹಿಡಿದು ಕರೆಯಬೇಕು ಎಂದಷ್ಟೇ ಬರೆದಿದ್ದೇವೆ. ಇದಕ್ಕಿಂತ ಸೂಕ್ಷ್ಮವಾದದ್ದು ‘ಪೈಕಿ’ಯ ಪ್ರಶ್ನೆ. ನಮ್ಮ ಕಡೆ ಊಟಕ್ಕೆ ಕುಳಿತ ಮಗುವನ್ನು, “ಏನ್ ತಂಗಿ, ಯಾರ ಪೈಕಿ ನೀವು?” ಎಂದು ಕೇಳುವುದು ವಾತ್ಸಲ್ಯದ ಮಾತೆಂದೇ ಬಹಳ ಜನ ಭಾವಿಸಿದ್ದಾರೆ. ಕೇಳುವವರಿಗೆ ಅದು ವಾತ್ಸಲ್ಯ. ಉತ್ತರಿಸಿದ ಮೇಲೆ ಎದುರಿನವರ ಮುಖ ಹೇಗೆ ಬದಲಾಗುತ್ತದೆಂದು ಮೊದಲೇ ಬಲ್ಲ ಮಗುವಿಗೆ ಅಲ್ಲ. ಯಾರನ್ನೂ ಹೊರಗಿನವರೆನ್ನದೆ ಮನೆಯ ಮಗನೆಂದು ಎಣಿಸುವ ವಚನವನ್ನು ಬೆಳಿಗ್ಗೆ ಹಾಡಿಸಿ ಮಧ್ಯಾಹ್ನ ಪಂಕ್ತಿಯಲ್ಲಿ ಪೈಕಿ ಕೇಳಿದರೆ ಮಕ್ಕಳು ಯಾವುದನ್ನು ಕಲಿತು ಹೋಗುತ್ತಾರೆ? ಈ ಪ್ರಶ್ನೆಯನ್ನು ನಿಷೇಧಿಸಿದೆವು. ಶಿಬಿರ ನೋಡಲು ಬರುವ ದಾನಿಗಳಿಗೂ ಇದು ಅನ್ವಯ. ದಾನಿಗಳ ವಿಷಯ ಬಂದುದರಿಂದ ಹೇಳುತ್ತೇನೆ, ಮಕ್ಕಳ ಕೆನ್ನೆ ಹಿಂಡುವುದು, ಮಡಿಲಲ್ಲಿ ಕೂರಿಸಿಕೊಂಡು ಫೋಟೊ ತೆಗೆಸಿಕೊಳ್ಳುವುದು, ಅದನ್ನು ವಾಟ್ಸಾಪ್ ಸ್ಟೇಟಸ್ಸಿಗೆ ಹಾಕುವುದು ಇವು ಇನ್ನು ಇಲ್ಲ. ಕಾರ್ಯಕರ್ತರು ಮಕ್ಕಳಿರುವ ಹೊತ್ತಿನಲ್ಲಿ ಮೊಬೈಲನ್ನು ಕಚೇರಿಯಲ್ಲಿ ಇಡಬೇಕು. ಚಿತ್ರ ಬೇಕಾದರೆ ಮಠದ ಕ್ಯಾಮೆರಾ ಒಂದೇ, ಅದೂ ಪಾಲಕರ ಒಪ್ಪಿಗೆ ಇದ್ದರೆ.

ಕೆರೆ, ಬಾವಿ, ಹಳ್ಳದ ಕಡೆಗೆ ಮಕ್ಕಳನ್ನು ಯಾರೂ ಕರೆದೊಯ್ಯಬಾರದು; ಎಲ್ಲಿಗೆ ಹೊರಟರೂ ಹೊರಡುವಾಗ ಒಮ್ಮೆ, ತಿರುಗಿ ಬಂದಾಗ ಒಮ್ಮೆ ತಲೆ ಎಣಿಸಬೇಕು; ಗುಟ್ಕಾ, ತಂಬಾಕು ಆವರಣದೊಳಗೆ ಕೂಡದು. ಇವುಗಳ ಬಗ್ಗೆ ಚರ್ಚೆಯೇ ಆಗಲಿಲ್ಲ.

ಚರ್ಚೆಯಾದದ್ದು ಸ್ಪರ್ಶ ಮತ್ತು ಏಕಾಂತದ ಬಗ್ಗೆ. ಯಾವ ಹಿರಿಯರೂ ಮಗುವಿನೊಡನೆ ಮುಚ್ಚಿದ ಬಾಗಿಲಿನೊಳಗೆ ಒಬ್ಬರೇ ಇರಕೂಡದು. ಮಲ್ಲಕಂಬ, ಯೋಗಾಸನ ಕಲಿಸುವಾಗ ಮೈ ಮುಟ್ಟಿ ತಿದ್ದುವುದು ಅನಿವಾರ್ಯ. ಎಲ್ಲಿ ಹಿಡಿಯುತ್ತೇನೆಂದು ಮೊದಲು ಹೇಳಿ, ಎಲ್ಲರೆದುರಿಗೆ ಹಿಡಿಯಬೇಕು. ಸ್ನಾನ, ಬಟ್ಟೆ ಬದಲಾವಣೆ ಮಕ್ಕಳವೇ, ಸಣ್ಣವರಿಗೆ ನೆರವು ಬೇಕಾದರೆ ಇಬ್ಬರು ಇರಬೇಕು. ಮಗುವಿಗೆ ‘ಯಾರಿಗೂ ಹೇಳಬೇಡ’ ಎಂಬ ಮಾತನ್ನು ಯಾವ ಕಾರಣಕ್ಕೂ, ಚಾಕಲೇಟು ಕೊಡುವಾಗಲೂ ಆಡಬಾರದು. ಇಷ್ಟನ್ನು ಓದಿದಾಗ ಅದೇ ಹಿರಿಯರು ಮತ್ತೆ ಎದ್ದರು. ಈ ಸಲ ಸಿಟ್ಟಿನಿಂದಲ್ಲ. ನಡುರಾತ್ರಿ ಅವ್ವನನ್ನು ನೆನೆದು ಅಳುವ ಕೂಸನ್ನು ಏನು ಮಾಡಲಿ, ಇಷ್ಟು ವರ್ಷ ತೊಡೆಯ ಮೇಲೆ ಮಲಗಿಸಿಕೊಂಡು ಕಥೆ ಹೇಳಿ ನಿದ್ದೆ ಮಾಡಿಸಿದ್ದೇನೆ, “ಪ್ರೀತಿಗೂ ಸಾಕ್ಷಿ ಬೇಕೇನ್ರಿ?” ಎಂದು ಕೇಳಿದರು.

ಸಭೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಇದೇ ದೊಡ್ಡದು. ಎಷ್ಟೋ ಮಕ್ಕಳು ಆ ತೊಡೆಯ ಮೇಲೆ ನೆಮ್ಮದಿಯಿಂದ ಮಲಗಿವೆ, ನಾನು ಕಂಡಿದ್ದೇನೆ. ಆದರೆ ಒಂದು ಮಠದೊಳಗೆ ಮಗುವಿನ ಸ್ಥಿತಿ ಏನೆಂಬುದನ್ನು ನಾವು ನೆನಪಿಡಬೇಕು. ಇಲ್ಲಿಗೆ ಬಂದ ಕೂಡಲೇ ಅದು ಕಲಿಯುವುದು ಹಿರಿಯರ ಪಾದಕ್ಕೆ ಎರಗುವುದನ್ನು, ಹೇಳಿದಂತೆ ಕೇಳುವುದನ್ನು, ಎದುರಾಡದಿರುವುದನ್ನು. ಕಾವಿ, ವಿಭೂತಿ, ಬಿಳಿಯ ಪಂಚೆ ಕಂಡರೆ ಕೈ ಮುಗಿಯುವ ಮಗು, ಅದನ್ನು ತೊಟ್ಟವರಿಗೆ ‘ಬೇಡ’ ಎನ್ನಲಾರದು. ಮನೆಯಲ್ಲಿ ಹೇಳಿದರೆ, ಮಠದವರ ಬಗ್ಗೆ ಹಾಗೆಲ್ಲ ಅನ್ನಬಾರದು ಎಂದು ತಾಯಿಯೇ ಬಾಯಿ ಮುಚ್ಚಿಸಬಹುದು. ಭಕ್ತಿ ನಮಗೆ ಕೊಡುವ ಈ ಅಧಿಕಾರ ಶಾಲೆಯ ಮಾಸ್ತರರಿಗೂ ಇಲ್ಲ. ಒಳ್ಳೆಯ ತೊಡೆ ಯಾವುದು, ಕೆಟ್ಟದ್ದು ಯಾವುದು ಎಂದು ಕತ್ತಲೆಯಲ್ಲಿ ಪರೀಕ್ಷಿಸುವ ಹೊರೆಯನ್ನು ಎಂಟು ವರ್ಷದ ಮಗುವಿನ ಮೇಲೆ ಹೊರಿಸಲಾಗದು. ಆ ಹೊರೆ ಹೊರಬೇಕಾದವರು ನಾವು. ಹಾಗೆ ಹೊರುವ ಒಂದೇ ಉಪಾಯವೆಂದರೆ ಒಳ್ಳೆಯವರೂ ನಿಯಮಕ್ಕೆ ಒಳಪಡುವುದು. ಒಳ್ಳೆಯವರಿಗೆ ವಿನಾಯಿತಿ ಕೊಟ್ಟರೆ ಕೆಟ್ಟವನು ಆ ವಿನಾಯಿತಿಯ ಬಾಗಿಲಿನಿಂದಲೇ ಬರುತ್ತಾನೆ, ಏಕೆಂದರೆ ಅವನೂ ಮೊದಮೊದಲು ಒಳ್ಳೆಯವನಂತೆಯೇ ಕಾಣುತ್ತಾನೆ.

ಪೂಜ್ಯರು ಅಲ್ಲಿಯವರೆಗೆ ಒಂದು ಮಾತೂ ಆಡಿರಲಿಲ್ಲ. ಆಗ, “ಆಶೀರ್ವಾದಕ್ಕೆಂದು ಮಕ್ಕಳನ್ನು ಒಬ್ಬೊಬ್ಬರನ್ನಾಗಿ ನಮ್ಮ ಕೋಣೆಗೆ ಕಳಿಸಬಾರದು. ಅದನ್ನೂ ಬರೆಯಿರಿ” ಎಂದರು. ನಾನು ಬರೆದುಕೊಂಡೆ. ಯಾರೂ ಮಾತಾಡಲಿಲ್ಲ. ಮೊದಲ ಸಹಿ ಅವರದೇ.

ಅಳುವ ಮಗುವಿನ ವಿಷಯದಲ್ಲಿ ಹೀಗೆ ತೀರ್ಮಾನವಾಯಿತು. ಮಲಗುವ ಕೋಣೆಯ ಹೊರಗೆ ಪಡಸಾಲೆಯಲ್ಲಿ ರಾತ್ರಿಯಿಡೀ ದೀಪ ಉರಿಯುತ್ತದೆ, ಅಲ್ಲಿ ಇಬ್ಬರು ಸರದಿಯ ಮೇಲೆ ಎಚ್ಚರವಿರುತ್ತಾರೆ. ಅಳುವ ಮಗುವನ್ನು ಅಲ್ಲಿಗೆ ಕರೆತಂದು ಪಕ್ಕದಲ್ಲಿ ಕೂರಿಸಿಕೊಂಡು ಕಥೆ ಹೇಳಬಹುದು. ಅದು ಕೈ ಹಿಡಿದರೆ ಬಿಡಿಸಿಕೊಳ್ಳಬೇಕಾಗಿಲ್ಲ. ಅವ್ವನಿಗೆ ಫೋನ್ ಮಾಡಿಸು ಎಂದರೆ ಎಷ್ಟೇ ಹೊತ್ತಾಗಿದ್ದರೂ ಮಾಡಿಸಬೇಕು. ಮೊದಲಿನಂತೆ ಇರುವುದಿಲ್ಲ ಎಂಬುದು ನಿಜವೇ. ಆ ಹಿರಿಯರು ಕಳೆದುಕೊಂಡದ್ದು ಏನೂ ಅಲ್ಲವೆಂದು ನಾನು ಹೇಳಲಾರೆ.

ಈಗ ಎಲ್ಲಕ್ಕಿಂತ ಕಠಿಣವಾದ ನಿಯಮ. ಯಾವುದಾದರೂ ಮಗು ಅಂಥದೊಂದನ್ನು ಹೇಳಿಕೊಂಡರೆ ಅಥವಾ ಹಿರಿಯರೊಬ್ಬರ ನಡೆಯಲ್ಲಿ ಅಂಥ ಅನುಮಾನ ಬಂದರೆ ಏನು ಮಾಡಬೇಕು? ಸಭೆಯಲ್ಲಿ ಕೇಳಿದಾಗ ಬಹುತೇಕ ಎಲ್ಲರೂ ಕೊಟ್ಟ ಉತ್ತರ ಒಂದೇ: ಅಪ್ಪಾವರಿಗೆ ತಿಳಿಸುತ್ತೇವೆ, ಅವರು ಬಗೆಹರಿಸುತ್ತಾರೆ. ಉತ್ತರ ಭಕ್ತಿಯದು, ಆದರೆ ಕಾನೂನಿಗೂ ನ್ಯಾಯಕ್ಕೂ ಹೊಂದುವುದಿಲ್ಲ. ಪೋಕ್ಸೊ ಕಾಯ್ದೆಯ 19ನೆಯ ಕಲಮಿನ ಪ್ರಕಾರ ಅಪರಾಧ ನಡೆದಿದೆಯೆಂದು ತಿಳಿದವರು, ನಡೆಯಬಹುದೆಂಬ ಆತಂಕ ಇರುವವರು ಯಾರೇ ಆಗಲಿ, ನೇರವಾಗಿ ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲ ಪೊಲೀಸ್ ಘಟಕಕ್ಕೆ ತಿಳಿಸಬೇಕು. ತಿಳಿಸದಿದ್ದರೆ ಆರು ತಿಂಗಳವರೆಗೆ ಸೆರೆವಾಸ. ಸಂಸ್ಥೆಯ ಮುಖ್ಯಸ್ಥರೇ ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ ಒಂದು ವರ್ಷದವರೆಗೆ. ಸದ್ಭಾವನೆಯಿಂದ ಮಾಹಿತಿ ಕೊಟ್ಟವರಿಗೆ ಕಾಯ್ದೆಯ ರಕ್ಷಣೆ ಇದೆ. 1098 ಮಕ್ಕಳ ಸಹಾಯವಾಣಿ. ಆ ಸಂಖ್ಯೆ ಹಾಳೆಯ ಕೆಳಗೆ ದಪ್ಪ ಅಕ್ಷರದಲ್ಲಿದೆ. ಪಂಚಾಯಿತಿ ಕೂಡಿಸಬಾರದು, ಮಗುವನ್ನು ಹತ್ತು ಜನರೆದುರು ಮತ್ತೆ ಮತ್ತೆ ಕೇಳಬಾರದು, ಅದರ ಹೆಸರು ಹೊರಗೆ ಬರಬಾರದು. ಪೀಠಕ್ಕೆ ತಿಳಿಸಬೇಕು ನಿಜ, ಆದರೆ ಠಾಣೆಗೆ ತಿಳಿಸಲು ಪೀಠದ ಅಪ್ಪಣೆಗಾಗಿ ಕಾಯಬೇಕಾಗಿಲ್ಲ. ಈ ಕೊನೆಯ ವಾಕ್ಯವನ್ನು ಪೂಜ್ಯರು ತಾವೇ ಬರೆಸಿದರು. ಇದನ್ನು ಓದುವ ಭಕ್ತರಲ್ಲಿ ಕೆಲವರಿಗೆ ಇದು ಕಹಿಯೆನಿಸಬಹುದು. ಮಠದ ಮಾನ ಉಳಿಸುವುದೆಂದರೆ ಸುದ್ದಿಯನ್ನು ಒಳಗೇ ಇಡುವುದು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಸುಳ್ಳಾಡಬಾರದೆಂಬ ಸೂತ್ರಕ್ಕೆ ಬಸವಣ್ಣನವರು ಮಠದ ಮಾನವನ್ನು ಅಪವಾದವಾಗಿ ಸೇರಿಸಿಲ್ಲ.

ಹಾಳೆಯ ಹಿಂಬದಿಯಲ್ಲಿ ಮಠ ಕಾರ್ಯಕರ್ತರಿಗೆ ಏನು ಸಲ್ಲಿಸಬೇಕೆಂಬುದಿದೆ. ಮುಂಜಾನೆ ಐದರಿಂದ ರಾತ್ರಿ ಹನ್ನೊಂದರವರೆಗೆ ಹತ್ತು ದಿನ ದುಡಿದವನು ಏಳನೆಯ ದಿನ ಕೂಗಾಡದಿದ್ದರೆ ಆಶ್ಚರ್ಯ. ಸಿಟ್ಟು ಮಾಡಬೇಡ ಎಂದು ಹೇಳುವುದರ ಜೊತೆಗೆ ಅವನಿಗೆ ನಿದ್ದೆಯನ್ನೂ ಕೊಡಬೇಕು. ಆದುದರಿಂದ ರಾತ್ರಿ ಕಾವಲಿದ್ದವರಿಗೆ ಮರುದಿನ ಮಧ್ಯಾಹ್ನದವರೆಗೆ ಬಿಡುವು, ಪ್ರತಿಯೊಬ್ಬರಿಗೂ ಆರು ಗಂಟೆಯ ನಿದ್ದೆ, ದಾಸೋಹದ ಅಕ್ಕಂದಿರಿಗೆ ಗೌರವಧನ ಶಿಬಿರ ಮುಗಿದ ದಿನವೇ. ಸಿಟ್ಟು ನೆತ್ತಿಗೇರಿದಾಗ ‘ನೀವು ನೋಡಿಕೊಳ್ಳಿ’ ಎಂದು ಇನ್ನೊಬ್ಬರಿಗೆ ಮಕ್ಕಳನ್ನು ಒಪ್ಪಿಸಿ ಹೊರಗೆ ಹೋಗುವ ಹಕ್ಕು ಎಲ್ಲರಿಗೂ ಇದೆ, ಅದಕ್ಕೆ ಕಾರಣ ಕೊಡಬೇಕಾಗಿಲ್ಲ. ಪಿಯುಸಿ ಓದುವ ಹದಿನಾರು ಹದಿನೇಳರ ಸಹಾಯಕರೂ ಕಾನೂನಿನಂತೆ ಮಕ್ಕಳೇ ಎಂಬುದು ಬರೆಯುತ್ತಾ ಹೋದಂತೆ ಹೊಳೆಯಿತು. ಅವರಿಗೆ ರಾತ್ರಿಯ ಹೊಣೆ ಇಲ್ಲ, ಅವರ ಮೇಲೂ ಒಬ್ಬ ಹಿರಿಯರು ಕಣ್ಣಿಟ್ಟಿರಬೇಕು.

ಆ ನಿವೃತ್ತ ಶಿಕ್ಷಕರು ಸಭೆಯ ದಿನ ಸಹಿ ಮಾಡಲಿಲ್ಲ. ನಾಲ್ಕು ದಿನದ ಮೇಲೆ ಕಚೇರಿಗೆ ಬಂದು ಹಾಳೆಯನ್ನು ಮತ್ತೊಮ್ಮೆ ಓದಿ, ಪೆನ್ಸಿಲಿನಿಂದ ಎರಡು ಕಡೆ ವ್ಯಾಕರಣ ತಿದ್ದಿ, ಒಂದು ಮಾತು ಹೇಳಿದರು: ಇದನ್ನು ದೊಡ್ಡವರಿಗಷ್ಟೇ ಕೊಟ್ಟರೆ ಸಾಲದು, ದೊಡ್ಡವರು ಏನು ಮಾಡಬಾರದೆಂಬುದು ಮಕ್ಕಳಿಗೂ ಗೊತ್ತಿರಬೇಕು. ಮಕ್ಕಳ ಭಾಷೆಯಲ್ಲಿ ಹತ್ತು ಸಾಲು ಅವರೇ ಬರೆದುಕೊಟ್ಟರು. ಸಹಿಯನ್ನು ಆ ಹತ್ತು ಸಾಲಿನ ಕೆಳಗೆ ಮಾಡಿದ್ದಾರೆ.

ಅದನ್ನು ಈಗ ದಪ್ಪ ರಟ್ಟಿನ ಮೇಲೆ ಬರೆಸಿ ಪ್ರಸಾದ ನಿಲಯದ ಬಾಗಿಲ ಬದಿಯಲ್ಲಿ, ಎಂಟು ವರ್ಷದ ಮಗುವಿನ ಕಣ್ಣಿಗೆ ನಿಲುಕುವ ಎತ್ತರದಲ್ಲಿ ತೂಗುಹಾಕಿದ್ದೇವೆ. ಮಕ್ಕಳನ್ನು ಬಿಡಲು ಬರುವ ಪಾಲಕರಿಗೆ ಹಾಳೆಯ ಒಂದು ಪ್ರತಿಯನ್ನು ಕೊಡಲಾಗುವುದು. ಯಾವ ಕಾರಣದಿಂದಲಾದರೂ ಕೊಡದಿದ್ದರೆ ದಯವಿಟ್ಟು ಕಚೇರಿಯಲ್ಲಿ ಕೇಳಿ ಪಡೆಯಬೇಕು.